ಒಂದು ಮೊಳ ನಾಲ್ಕು ಬೆರಳು

ನಿನ್ನೆ ಮಧ್ಯಾಹ್ನ ನನ್ನ ಹೆಂಡತಿ ಗಂಗಮ್ಮ ಅಟ್ಟದ ಮೇಲಿನ ಹುಣಸೆಹಣ್ಣಿನ ಗಡಿಗೆ ಇಳಿಸುವಾಗ ಅದರ ಹಿಂದಿನಿಂದ ಒಂದು ಬಿದಿರಿನ ತುಂಡು ಉರುಳಿ ಕೆಳಗೆ ಬಿತ್ತು. "ಇದಿನ್ನೂ ಐತಲ್ರೀ. ನೀರೊಲೆಗಾದ್ರೂ ಆಗ್ತತೆ," ಎಂದು ಅವಳು ಅದನ್ನೆತ್ತಿಕೊಂಡು ಬಚ್ಚಲಿನ ಕಡೆ ಹೊರಟಳು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಯಾರಿಗೆ ಏನಾಯಿತೋ ಎಂದು ಬಂದು ಬಾಗಿಲಲ್ಲಿ ನಿಂತರು. "ಏನಿಲ್ಲ ಬಿಡ್ರಿ, ಕೋಲಿನ ವಿಷಯ," ಎಂದಳು ಗಂಗಮ್ಮ. ಅವರಿಗೆ ಅಷ್ಟೇ ಸಾಕಾಯಿತು. ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ನನ್ನ ಕೋಲಿನ ಸಂಗತಿ ಗೊತ್ತಿಲ್ಲದವರಿಲ್ಲ.

ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ. ಆ ಕೋಲು ಸರಿಯಾಗಿ ಒಂದು ಮೊಳ ನಾಲ್ಕು ಬೆರಳು ಉದ್ದವಿದೆ. ಊರಿಕೊಂಡು ನಡೆಯಲು ಗಿಡ್ಡ, ಯಾರಿಗಾದರೂ ಹೊಡೆಯಲು ಹಗುರ. ಹೊಡೆಯಬೇಕೆನಿಸಿದವರು ಬಹಳ ಜನ ಇದ್ದರು, ಅದು ಬೇರೆ ಮಾತು. ಅದು ನನ್ನ ಮಂಡಿಯ ಎತ್ತರಕ್ಕೆ ಕತ್ತರಿಸಿದ ಅಳತೆಯ ಕೋಲು. ಅದಕ್ಕಿಂತ ತಗ್ಗಾದ ಯಾವುದರ ಮೇಲೂ ನಾನು ಕೂರುವಂತಿಲ್ಲ. ಕೂತರೆ, ನನ್ನ ಎಡ ಟೊಂಕದ ಕೀಲಿನಲ್ಲಿ ಬೆಂಗಳೂರಿನ ಡಾಕ್ಟರು ಕೂರಿಸಿರುವ ಉಕ್ಕಿನ ಗುಂಡು ತನ್ನ ಬಟ್ಟಲಿನಿಂದ ಜಾರಿ ಹೊರಗೆ ಬಂದುಬಿಡುತ್ತದಂತೆ. ಹೀಗಾಗಿ ಆಪರೇಷನ್ ಆದ ಮೊದಲ ವರ್ಷ, ಬೇರೆಯವರು ಕೊಡೆ ಹಿಡಿದು ಹೊರಟಂತೆ ನಾನು ಈ ಕೋಲು ಹಿಡಿದು ಹೊರಡುತ್ತಿದ್ದೆ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಬೆಂಚಿಗೆ ಕೋಲು ಇಟ್ಟು ನೋಡಿದೆ: ಮೂರು ಬೆರಳು ಕಡಿಮೆ. ಕ್ಷೌರದಂಗಡಿಯ ಕುರ್ಚಿ: ಎರಡು ಬೆರಳು ಕಡಿಮೆ. ನಂಟರೊಬ್ಬರು ಚಂದ್ರವಳ್ಳಿ ತೋರಿಸು ಎಂದು ಎಳೆದುಕೊಂಡು ಹೋದಾಗ, ಅವರೆಲ್ಲ ಬಗ್ಗಿ ಗುಹೆಯೊಳಗೆ ಹೋದರು. ನಾನು ಹೊರಗೆ ಬಂಡೆಗಳಿಗೆಲ್ಲ ಕೋಲು ಹಿಡಿದು ಅಳೆಯುತ್ತಾ ನಿಂತಿದ್ದೆ. ಅಲ್ಲಿಗೆ ಬಂದಿದ್ದ ಕಾಲೇಜಿನ ಹುಡುಗರು ನನ್ನನ್ನು ಪ್ರಾಚ್ಯವಸ್ತು ಇಲಾಖೆಯವರು ಎಂದುಕೊಂಡು ದೂರದಿಂದಲೇ ಕೈಮುಗಿದರು. ಆ ವರ್ಷ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ನಾನು ಮೂವತ್ತು ವರ್ಷ ಸರ್ಕಾರಿ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಹೊಸದುರ್ಗ, ಹಿರಿಯೂರು, ಕೊನೆಗೆ ಹೊಳಲ್ಕೆರೆ. ನಿವೃತ್ತನಾದ ಮೇಲೆ ಇಲ್ಲೇ ನಿಂತೆ. ನಮ್ಮದು ಕುರಿ ಸಾಕುವ ಮನೆತನ. ಅಪ್ಪನ ಆಯಸ್ಸೆಲ್ಲ ಕುರಿಯ ಹಿಂದೆ ನಡೆಯುವುದರಲ್ಲಿ ಹೋಯಿತು. ನಾನು ಅದೇ ಕುರಿಗಳ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹಾಕಿ ಸಂಬಳ ತಗೊಂಡೆ. ಹಾಗಾಗಿ ಮೂಳೆ, ಕೀಲು, ಕುಂಟು ಇವುಗಳ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಇತ್ತು. ಎಡ ತೊಡೆಯ ಸಂದಿಯಲ್ಲಿ ನೋವು ಶುರುವಾದಾಗ ನಾನೇ ಪರೀಕ್ಷೆ ಮಾಡಿಕೊಂಡು ಇದು ವಾಯು ಎಂದು ತೀರ್ಮಾನಿಸಿದೆ. ಎತ್ತುಗಳ ಹೆಗಲು ಬಾತಾಗ ಹಚ್ಚುವ ಎಣ್ಣೆಯನ್ನು ಎರಡು ವರ್ಷ ಹಚ್ಚಿಕೊಂಡೆ. ನೋವು ಹೋಗಲಿಲ್ಲ. "ಮನೆಯೆಲ್ಲ ದನದ ಆಸ್ಪತ್ರೆ ವಾಸನೆ. ರಿಟೈರ್ ಆದ್ರೂ ಸುಖ ಇಲ್ಲ ನನಗೆ," ಎಂದು ಗಂಗಮ್ಮ ಬೇರೆ ಕೋಣೆಗೆ ಚಾಪೆ ಒಯ್ದಳು.

ಇಲ್ಲಿ ನಮ್ಮ ಅಕ್ಕನ ವಿಷಯ ಹೇಳಬೇಕು. ಅಕ್ಕ ಕರಿಯಮ್ಮ ನನಗಿಂತ ಆರು ವರ್ಷ ದೊಡ್ಡವಳು. ಹಿರಿಯೂರಿನ ಹತ್ತಿರ ಆದಿವಾಲಕ್ಕೆ ಕೊಟ್ಟಿದೆ. ಭಾವ ತೀರಿಕೊಂಡ ಮೇಲೆ ಮನೆಯ ಹಿರಿತನ ಅವಳ ಮಗ ಬೀರಪ್ಪನದು. ನನ್ನನ್ನು ಹೆತ್ತವಳು ಅವ್ವನಾದರೂ ಹೊತ್ತವಳು ಅಕ್ಕ. ಅಪ್ಪ ಅವ್ವ ಮಂದೆಯ ಜೊತೆ ಊರೂರು ತಿರುಗುವಾಗ ಅವ್ವನ ತಲೆಯ ಮೇಲೆ ಗಂಟು, ಅಕ್ಕನ ಟೊಂಕದ ಮೇಲೆ ನಾನು. ಆರೇಳು ವರ್ಷದ ಹುಡುಗಿ. ಎಡಗಡೆ ಟೊಂಕ ಸೊಟ್ಟ ಮಾಡಿ ನನ್ನನ್ನು ಕೂರಿಸಿಕೊಂಡು ಹೊರಟರೆ ಮೈಲಿಗಟ್ಟಲೆ ನಡೆಯುತ್ತಿದ್ದಳಂತೆ. ನಾನೋ, ಮೂರು ವರ್ಷವಾದರೂ ನೆಲಕ್ಕೆ ಕಾಲಿಡಲು ಒಪ್ಪದ ದಡೂತಿ ಕೂಸು. ಇಳಿಸಿದರೆ ಅಳು. ನನಗೆ ನೆನಪಿರುವುದು ಅವಳ ಕೂದಲಿನ ಹರಳೆಣ್ಣೆ ವಾಸನೆ, ಹೆಗಲ ಮೇಲಿನ ಕಂಬಳಿ ನನ್ನ ಕೆನ್ನೆಗೆ ಚುಚ್ಚುತ್ತಿದ್ದುದು, ಮತ್ತು ಆ ಎತ್ತರದಿಂದ ಕಾಣುತ್ತಿದ್ದ ಕುರಿಗಳ ಬೆನ್ನು. ಇನ್ನೂ ಸ್ವಲ್ಪ ದಿನ ಹಾಗೇ ಹೊತ್ತುಕೊಂಡಿದ್ದರೆ ನನ್ನ ಕೀಲು ಸವೆಯುತ್ತಿರಲಿಲ್ಲವೇನೋ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆ ತಮಾಷೆಯನ್ನು ಈಗ ಮಾಡುವುದಿಲ್ಲ.

ನನ್ನ ನೋವಿನ ಸುದ್ದಿ ಕೇಳಿ ಅಕ್ಕ, "ಬಾರೋ, ಬರೆ ಹಾಕಿಸ್ತೀನಿ," ಎಂದು ಹೇಳಿ ಕಳಿಸಿದಳು. ನೋಡಿ, ಮೂವತ್ತು ವರ್ಷ ನಾನು ಈ ಮೂರು ತಾಲ್ಲೂಕಿನ ಕುರಿಗಾಹಿಗಳನ್ನು ನಿಲ್ಲಿಸಿಕೊಂಡು ಬೈದದ್ದು ಇದಕ್ಕೇ. ಕುರಿ ಕುಂಟಿದರೆ ಕಾಯಿಸಿದ ಕಬ್ಬಿಣದಿಂದ ಸುಡುತ್ತೀರಲ್ಲ, ನಿಮಗೇ ಹಾಕಿದರೆ ಹೇಗಿರುತ್ತದೆ ಎಂದು ಕೇಳಿದ್ದೆ. ಹೇಗಿರುತ್ತದೆ ಎಂದು ತಿಳಿಯುವ ಯೋಗ ನನಗೇ ಬಂತು. ನೋವು ಮನುಷ್ಯನ ಬುದ್ಧಿಯನ್ನು ಎಷ್ಟು ತಗ್ಗಿಸುತ್ತದೆಂದರೆ, ನಾನು ಅಕ್ಕನ ಮನೆಯ ಕೊಟ್ಟಿಗೆಯಲ್ಲಿ ಬೋರಲಾಗಿ ಮಲಗಿ, ಒಬ್ಬ ಮುದುಕನ ಕೈಯಲ್ಲಿ ಟೊಂಕದ ಮೇಲೆ ಎರಡು ಬರೆ ಎಳೆಸಿಕೊಂಡೆ. ಆ ಮುದುಕ ನನ್ನ ಗುರುತು ಹಿಡಿದು, "ಕಾಂಪೌಂಡರ್ ಸಾಮಿ, ನೀವೇ ಬ್ಯಾಡ ಅಂತಿದ್ರಲ್ಲ," ಎಂದ. ಎಂಟು ದಿನ ಸುಟ್ಟ ಗಾಯದ ಉರಿಯಲ್ಲಿ ಕೀಲಿನ ನೋವು ಕಾಣಲಿಲ್ಲ. ಒಂಬತ್ತನೆಯ ದಿನ ಎರಡೂ ಕಂಡವು.

ಕೊನೆಗೆ ಚಿತ್ರದುರ್ಗದಲ್ಲಿ ಎಕ್ಸ್‌ರೇ ತೆಗೆಸಿದ್ದಾಯಿತು. ಕೀಲಿನ ಗುಂಡು ಪೂರ್ತಿ ಸವೆದಿದೆ, ಅದನ್ನು ತೆಗೆದು ಬೇರೆ ಹಾಕುವ ಆಪರೇಷನ್ ಈಗ ಬೆಂಗಳೂರಿನಲ್ಲಿ ಮಾಡುತ್ತಾರೆ ಎಂದರು ಅಲ್ಲಿಯ ಡಾಕ್ಟರು. ಎಮರ್ಜೆನ್ಸಿ ಮುಗಿದು ಆಗಿನ್ನೂ ವರ್ಷವಾಗಿರಲಿಲ್ಲ. ಹಳ್ಳಿಯಲ್ಲಿ ಆಪರೇಷನ್ ಎಂದರೆ ಜನಕ್ಕೆ ಒಂದೇ ಗೊತ್ತಿದ್ದದ್ದು, ಮಕ್ಕಳಾಗದ ಹಾಗೆ ಮಾಡುವುದು. "ಅರವತ್ತು ಹತ್ರ ಬಂತಲ್ಲಪ್ಪ, ನಿನ್ನನ್ಯಾಕೆ ಹಿಡಕಂಡ್ರು?" ಎಂದು ಒಬ್ಬ ಮುದುಕ ನಿಜವಾದ ಮರುಕದಿಂದ ನನ್ನ ಕೈ ಹಿಡಿದುಕೊಂಡ. ಅವನನ್ನು ನಾನು ಕ್ಷಮಿಸಿದ್ದೇನೆ. ನನಗೆ ಕ್ಷಮಿಸಲಾಗದವರು ವಿಷಯ ಸರಿಯಾಗಿ ತಿಳಿದ ಮೇಲೂ ಒಂದು ಮಾತು ಹೇಳಿದವರು.

ಆ ಮಾತು ಯಾವುದೆಂದರೆ, "ಈ ವಯಸ್ಸಿಗೆ ಯಾಕೆ?" ಎಂಬುದು. ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿ, ತಮ್ಮ ಎರಡೂ ಕಾಲನ್ನು ಆರಾಮಾಗಿ ಮಡಿಸಿಕೊಂಡು ಕೂತು ಜನ ಈ ಮಾತು ಹೇಳುತ್ತಾರೆ. ಐವತ್ತೆಂಟಕ್ಕೆ ಕಾಲು ಯಾಕೆ ಬೇಕು ಎಂದು ಕೇಳಿದರೆ ನಾನು ಏನು ಹೇಳಬೇಕು? ಕಾಲು ಯಾವ ವಯಸ್ಸಿನವರೆಗೆ ಬೇಕು ಎಂದು ಸರ್ಕಾರ ಏನಾದರೂ ಆದೇಶ ಹೊರಡಿಸಿದೆಯೇ? ನೌಕರಿಯಿಂದ ಐವತ್ತೈದಕ್ಕೆ ಇಳಿಸಿದರು, ಸರಿ, ಇಳಿದೆ. ನಡೆಯುವುದರಿಂದಲೂ ನಿವೃತ್ತಿ ತಗೋ ಎಂದರೆ? ಬೀರಪ್ಪ ಆದಿವಾಲದಿಂದ ಬಂದವನು, "ಯಾರ ಜತೆ ಓಡಬೇಕು ಮಾವ ನೀವು?" ಎಂದು ನಕ್ಕ. ಅವನ ಜೊತೆ ಬಂದಿದ್ದವನು, "ಕುರಿ ಆಗಿದ್ರೆ ಇಷ್ಟೊತ್ತಿಗೆ ಸಂತೆಗೆ ಹೊಡೀತಿದ್ವಿ," ಎಂದ. ಇಬ್ಬರಿಗೂ ಗಂಗಮ್ಮ ಕಾಫಿ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಆದರೆ ನನಗೆ ಒಂದು ಕಾರಣ ಇತ್ತು. ಅಕ್ಕನ ಕೊನೆಯ ಮಗಳು ರತ್ನಳ ವೀಳ್ಯ ಹತ್ತಿರ ಬರುತ್ತಿತ್ತು. ನಮ್ಮವರಲ್ಲಿ ಮದುವೆ ಗೊತ್ತಾಗುವುದು ವೀಳ್ಯದಿಂದ. ಅವತ್ತು ಕರಿ ಕಂಬಳಿ ಹಾಸುತ್ತಾರೆ. ಅದರ ಮೇಲೆ ಅಕ್ಕಿ, ಎಲೆ, ಅಡಿಕೆ, ಅರಿಸಿನದ ಕೊಂಬು. ಎರಡೂ ಕಡೆಯ ಹಿರಿಯರು ಕಂಬಳಿಯ ಮೇಲೆ ಕಾಲು ಮಡಿಸಿ ಕೂರುತ್ತಾರೆ. ಹಾಸಿದ ಕಂಬಳಿ ನಮಗೆ ದೇವರಿದ್ದಂತೆ. ಅದಕ್ಕಿಂತ ಎತ್ತರದಲ್ಲಿ ಯಾರೂ ಕೂರುವ ಹಾಗಿಲ್ಲ, ಸಾಕ್ಷಾತ್ ಜಿಲ್ಲಾಧಿಕಾರಿ ಬಂದರೂ ನೆಲಕ್ಕೇ ಕೂರಬೇಕು. ಹೆಣ್ಣಿನ ಕಡೆಯಿಂದ ಮೊದಲ ವೀಳ್ಯ ಕೊಡುವವನು ಸೋದರಮಾವ. ಅಕ್ಕನ ದೊಡ್ಡ ಮಗಳಿಗೆ ಕೊಟ್ಟಿದ್ದೆ. ರತ್ನಳಿಗೂ ನಾನೇ ಕೊಡಬೇಕು. ನನ್ನನ್ನು ಹೊತ್ತವಳ ಮಗಳಿಗೆ ನಾನು ಮಾಡಬಹುದಾದ್ದು ಅದೊಂದೇ. ಆ ಹಿಂದಿನ ಬೇಸಿಗೆಯಲ್ಲಿ ಇನ್ನೊಬ್ಬರ ಮನೆಯ ವೀಳ್ಯದಲ್ಲಿ ಕೂತವನು ಏಳಲಾರದೆ, ಇಬ್ಬರು ನನ್ನ ಕಂಕುಳಿಗೆ ಕೈಹಾಕಿ ಎತ್ತಿದ್ದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡದ್ದು ನನಗೆ ಕಂಡಿತ್ತು. ರತ್ನಳ ವೀಳ್ಯದ ದಿನ ನಾನು ನನ್ನ ಕಾಲ ಮೇಲೆ ನಡೆದು ಹೋಗಿ ಕಂಬಳಿ ಮೇಲೆ ಕೂರಬೇಕು ಎಂದು ಅವತ್ತೇ ನಿರ್ಧಾರ ಮಾಡಿದೆ. ಆಪರೇಷನ್ನಿಗೆ ಹೋದದ್ದು ಅದಕ್ಕೇ.

ಬೆಂಗಳೂರಿನ ಡಾಕ್ಟರು ವಿಲಾಯತಿಯಲ್ಲಿ ಕಲಿತು ಬಂದ ಸಣ್ಣ ವಯಸ್ಸಿನವರು. ಮೊದಲ ದಿನವೇ ನನ್ನ ಟೊಂಕ ನೋಡಿ, "ಏನ್ರೀ ಈ ಎರಡು ಗುರುತು?" ಎಂದರು. "ಚಿಕ್ಕಂದಿನಲ್ಲಿ ಬಿದ್ದಿದ್ದು ಸಾರ್," ಎಂದೆ. "ಚಿಕ್ಕಂದಿನದು ಇನ್ನೂ ಕೆಂಪಗಿದೆಯಲ್ಲ!" ಎಂದು ಅವರು ನಗದೆ ಮುಂದೆ ಹೋದರು. ಆಮೇಲೆ ಒಂದು ಕಾಗದದ ಮೇಲೆ ಕೀಲಿನ ಚಿತ್ರ ಬರೆದು ಬಹಳ ಹೊತ್ತು ವಿವರಿಸಿದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ನನ್ನ ಕಿವಿಗೆ ಬಿದ್ದದ್ದು 'ನೋವು ಪೂರ್ತಿ ಹೋಗುತ್ತದೆ' ಎಂಬುದು ಮಾತ್ರ. "ತಿಳೀತಲ್ವಾ?" ಎಂದರು. "ತಿಳೀತು ಸಾರ್," ಎಂದೆ.

ತಿಳಿದದ್ದು ಹನ್ನೆರಡನೆಯ ದಿನ. ಅಷ್ಟು ದಿನ ಎರಡೂ ಕಾಲುಗಳ ನಡುವೆ ದಿಂಬು ಕಟ್ಟಿ ಅಂಗಾತ ಮಲಗಿಸಿದ್ದರು. ಅವತ್ತು ಎಬ್ಬಿಸಿ ನಡೆಸಿದರು. ನೋವಿಲ್ಲ! ಮೂರು ವರ್ಷದ ಮೇಲೆ ಮೊದಲ ಸಲ ಕಾಲು ಊರಿದರೆ ಊರಿದಂತಿತ್ತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಆಗ ನಡಿಗೆ ಕಲಿಸುವ ಆಯಮ್ಮ, "ಇನ್ನು ನೆಲದ ಮೇಲೆ ಕೂರಬಾರದು, ಕುಕ್ಕರುಗಾಲಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು," ಎಂದರು. "ಎಷ್ಟು ದಿನ?" ಎಂದೆ. "ಯಾವಾಗಲೂ," ಎಂದರು. ನಾನು ಮಾಡಿದ ರಂಪಕ್ಕೆ ಡಾಕ್ಟರನ್ನೇ ಕರೆಸಬೇಕಾಯಿತು. ಅವರು ಅದೇ ಕಾಗದ ತೆಗೆದು ತೋರಿಸಿ, "ಇದನ್ನೇ ಅಲ್ಲವೇ ನಾನು ಅರ್ಧ ಗಂಟೆ ಹೇಳಿದ್ದು? ನೀವು ತಿಳೀತು ಅಂದ್ರಿ," ಎಂದರು. ಮೂವತ್ತು ವರ್ಷ ನಾನು ಕುರಿಗಾಹಿಗಳಿಗೆ ಔಷಧಿ ಕೊಟ್ಟು "ತಿಳೀತೇನ್ರಪ್ಪ?" ಎಂದು ಕೇಳಿದಾಗ ಅವರು "ತಿಳೀತು ಸಾಮಿ" ಎಂದು ಹೋಗಿ, ಕುಡಿಸುವುದನ್ನು ಹಚ್ಚಿ ಹಚ್ಚುವುದನ್ನು ಕುಡಿಸಿದ್ದು ನೆನಪಾಯಿತು. ಆಗ ಅವರನ್ನು ದಡ್ಡರೆಂದು ಬೈದಿದ್ದೆ.

ಆದರೂ ನನ್ನ ಸಿಟ್ಟು ನ್ಯಾಯವಾದದ್ದೇ ಎಂದು ಈಗಲೂ ಹೇಳುತ್ತೇನೆ. ಆ ಉಕ್ಕಿನ ಗುಂಡನ್ನು ಕಂಡುಹಿಡಿದವರು ಹುಟ್ಟಿದಾಗಿನಿಂದ ಕುರ್ಚಿಯ ಮೇಲೇ ಕೂತವರು. ಅವರಿಗೆ ನೆಲವೆಂದರೆ ಬೂಟು ಊರುವ ಜಾಗ. ನಾವು ಉಣ್ಣುವುದು ನೆಲದ ಮೇಲೆ, ಬೀಸುವುದು, ರುಬ್ಬುವುದು, ಪೂಜೆ, ಪೇಪರು ಓದುವುದು, ಹರಟೆ, ಬೆಳಿಗ್ಗೆಯ ಮೊದಲ ಕೆಲಸ, ಎಲ್ಲ ನೆಲದ ಮೇಲೆ. ಕಾಲು ಮಡಿಸದೆ ಹೊಳಲ್ಕೆರೆಯಲ್ಲಿ ಒಂದು ದಿನ ಬದುಕಿ ತೋರಿಸಲಿ ಅವರು.

ಆ ಬೆಳಗಿನ ಕೆಲಸಕ್ಕೆಂದು ಒಂದು ವಿಶೇಷ ಕುರ್ಚಿ ಬೇಕಾಯಿತು. ನಡುವೆ ರಂಧ್ರ, ಕೋಲಿನಷ್ಟು ಎತ್ತರ. ಆಚಾರಿಯನ್ನು ಕರೆಸಿ ಅಳತೆ ಕೊಟ್ಟೆ. ಅವನು ಹಲಗೆಗಳನ್ನು ಹೊರಳಿಸಿ ನೋಡುತ್ತಾ, "ನಡುಮಧ್ಯ ತೂತು ಯಾಕ್ರಿ?" ಎಂದ. ಹೇಳಿದೆ. ಬೀದಿಯವರಿಗೂ ಕೇಳುವಂತೆ, "ಓಹೋ ಅದಕ್ಕಾ!" ಎಂದ. ಹದಿನೈದು ದಿನ ಬಿಟ್ಟು ಅವನು ತಂದ ಕುರ್ಚಿಯ ಒರಗುವ ಹಲಗೆಯ ಮೇಲೆ ಗರಿ ಬಿಚ್ಚಿದ ನವಿಲು ಕೆತ್ತಿತ್ತು. ಇದಕ್ಯಾಕೋ ನವಿಲು ಎಂದು ನಾನು ರೇಗಿದರೆ, "ಕುರ್ಚಿ ಅಂದ್ಮ್ಯಾಲೆ ಒಂದು ಲಕ್ಷಣ ಬ್ಯಾಡವಾ ಸಾಮಿ? ದೊಡ್ಡ ಮನುಷ್ಯರು ಕುಂತ್ಕಳಾದು," ಎಂದ. ನೋಡಲು ಬಂದವರೆಲ್ಲ ನನ್ನನ್ನು ಬಿಟ್ಟು ನವಿಲನ್ನು ನೋಡಿದರು. ಒಬ್ಬಾಕೆ ಅದರ ಮೇಲೆ ಕೂತೂ ನೋಡಿದಳು. ಅದು ಏನೆಂದು ಗಂಗಮ್ಮ ಹೇಳುವಷ್ಟರಲ್ಲಿ ತಡವಾಗಿತ್ತು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಕಂಕುಳ ಕೋಲು ಹೋಗಿ ಕೈಕೋಲು ಬಂತು. ಬಾವಿಯವರೆಗೆ, ಆಮೇಲೆ ಸ್ಟೇಷನ್ನಿನವರೆಗೆ, ಆಮೇಲೆ ಕೆರೆ ಏರಿಯವರೆಗೆ ನಡೆದೆ. ಕಂಬಳಿಯ ಪ್ರಶ್ನೆಯನ್ನು ಮಾತ್ರ ನಾನು ಯಾರ ಹತ್ತಿರವೂ ಎತ್ತಲಿಲ್ಲ. ಆ ದಿನ ಬರಲಿ, ಹೇಗಾದರೂ ಆಗುತ್ತದೆ ಎಂದುಕೊಂಡಿದ್ದೆ. ಬೀರಪ್ಪ ಬಂದ. ವೀಳ್ಯ ಬರುವ ಸೋಮವಾರ, ಗಂಡಿನ ಕಡೆಯವರು ಹೊಸದುರ್ಗದಿಂದ ಬರುತ್ತಾರೆ ಎಂದ. ಆಮೇಲೆ ನವಿಲಿನ ಕಡೆ ನೋಡುತ್ತಾ, "ಮಾವ, ನೀವು ತಪ್ಪು ತಿಳ್ಕಬ್ಯಾಡ್ರಿ. ಕುಲದ ಯಜಮಾನ್ರು ಹೇಳಿದ್ರು, ಕಾಂಪೌಂಡರು ಕೆಳಗೆ ಕುಂತ್ಕಳಂಗಿಲ್ಲ, ಕಂಬಳಿ ಮುಂದೆ ಕುರ್ಚಿ ಹಾಕಂಗಿಲ್ಲ, ಅದಕ್ಕೆ ನಿಮ್ಮ ಚಿಕ್ಕಪ್ಪನ ಮಗನ ಕೈಲಿ ವೀಳ್ಯ ಕೊಡಿಸಾಣ ಅಂತ. ನೀವು ಬರ್ರಿ, ಒಳಗೆ ಮಂಚದ ಮೇಲೆ ಆರಾಮಾಗಿ ಕುಂತ್ಕಳ್ರಿ," ಎಂದ.

"ಯಾರು ಕೇಳಿದ್ರು ನನ್ನ?" ಎಂದೆ.

"ಏನು ಮಾವ?"

"ನನ್ನ ಕೈಲಿ ಆಗ್ತತೋ ಇಲ್ಲೋ ಅಂತ ಯಾರಾದ್ರೂ ನನ್ನ ಬಂದು ಕೇಳಿದ್ರಾ? ನನ್ನ ಕಾಲು, ನನ್ನ ಸೋದರ ಸೊಸೆ. ನೀವು ನೀವೇ ಕುಂತು ತೀರ್ಮಾನ ಮಾಡಿದ್ರಾ?"

ಬೀರಪ್ಪ ಗಂಗಮ್ಮನ ಮುಖ ನೋಡಿದ. ಅವಳು ಈ ಸಲ ಕಾಫಿ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಹೊಸ ಪಂಚೆ ಉಟ್ಟು, ಎರಡು ಕಂಬಳಿ ಮಡಿಸಿ ಬಸ್ಸಿನ ಸೀಟಿನ ಮೇಲೆ ಹಾಕಿಕೊಂಡು, ಕೋಲು ಇಟ್ಟು ನೋಡಿ, ಕಂಡಕ್ಟರ್ ಜೊತೆ ಜಗಳವಾಡಿ, ಚಿತ್ರದುರ್ಗಕ್ಕೆ, ಅಲ್ಲಿಂದ ಹಿರಿಯೂರಿಗೆ, ಅಲ್ಲಿಂದ ಆದಿವಾಲಕ್ಕೆ ಹೋದೆ. ನೆಲಕ್ಕೇ ಕೂರುವುದು ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಗುಂಡು ಜಾರಿದರೆ ಜಾರಲಿ, ವೀಳ್ಯ ಕೊಟ್ಟ ಮೇಲೆ ಜಾರಲಿ. ಗಂಗಮ್ಮನಿಗೆ ಇದನ್ನು ಹೇಳಿರಲಿಲ್ಲ, ಆದರೆ ಅವಳು ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು.

ನಾವು ಹೋಗುವ ಹೊತ್ತಿಗೆ ಅಂಗಳದಲ್ಲಿ ಚಪ್ಪರದ ಕೆಳಗೆ ಕಂಬಳಿ ಹಾಸಿತ್ತು. ಗಂಡಿನ ಕಡೆಯವರು ಒಂದು ಬದಿ, ನಮ್ಮ ಯಜಮಾನ ತಿಪ್ಪಣ್ಣ ಒಂದು ಬದಿ. ನನ್ನ ಚಿಕ್ಕಪ್ಪನ ಮಗ ಆಗಲೇ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಸಿದ್ಧನಾಗಿದ್ದ. ನಾನು ನೇರ ಹೋಗಿ ಕಂಬಳಿಯ ಅಂಚಿನಲ್ಲಿ ಕೈಕೋಲು ಊರಿ, ಇನ್ನೇನು ಮಂಡಿ ಬಗ್ಗಿಸಬೇಕು, ಗಂಗಮ್ಮ "ಬ್ಯಾಡ್ರೀ!" ಎಂದು ಕೂಗಿದಳು. ಆಗ ಬಾಗಿಲಿನಿಂದ ಅಕ್ಕ ಹೊರಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕಂಬಳಿಯ ಮೇಲಿದ್ದ ಎಲೆ ಅಡಿಕೆಯ ತಟ್ಟೆ ಎತ್ತಿ ರತ್ನಳ ಕೈಗೆ ಕೊಟ್ಟಳು. ಬಗ್ಗಿ ಕಂಬಳಿಯ ತುದಿ ಹಿಡಿದು ಎಳೆದಳು. ಕೂತಿದ್ದವರೆಲ್ಲ ಗಾಬರಿಯಾಗಿ ಎದ್ದರು.

"ಏನಮ್ಮ ಕರಿಯಮ್ಮ ಇದು? ಹಾಸಿದ ಕಂಬಳಿ ಎಳೀತಾರಾ?" ಎಂದ ತಿಪ್ಪಣ್ಣ.

"ಕಟ್ಟೆ ಮ್ಯಾಲೆ ಹಾಸ್ತೀನಿ," ಎಂದಳು ಅಕ್ಕ.

"ನೆಲದ ಮ್ಯಾಲೆ ಹಾಸಾದು ಪದ್ಧತಿ."

"ನನ್ನ ವೀಳ್ಯ ಎಲ್ಲಾಯ್ತು, ನಿಮಗೆ ನೆನಪೈತಾ? ಕುರಿ ಹೊಡಕಂಡು ಹೋಗಿದ್ದಾಗ, ಅಡವಿಯಾಗೆ, ಬಂಡೆ ಮ್ಯಾಲೆ. ನಮ್ಮಪ್ಪ ಹೆಗಲ ಮ್ಯಾಲಿನ ಕಂಬಳಿ ತೆಗೆದು ಬಂಡೆ ಮ್ಯಾಲೆ ಹಾಸಿದ. ನಿಮ್ಮಪ್ಪನೇ ಯಜಮಾನ. ಬಂಡೆ ಮ್ಯಾಲೆ ಆಗಿದ್ದು ಕಟ್ಟೆ ಮ್ಯಾಲೆ ಆಗಲ್ವಾ? ನನ್ನ ವೀಳ್ಯ ಸುಳ್ಳಾ ಹಂಗಾರೆ?"

ತಿಪ್ಪಣ್ಣ ಗಂಡಿನ ಕಡೆಯವರನ್ನು ನೋಡಿದ. ಅವರಲ್ಲಿ ಹಿರಿಯನೊಬ್ಬ, "ಕಂಬಳಿ ಇದ್ದಕಡೆ ನಾವು ಕುಂತ್ಕಂತೀವಿ ಬಿಡ್ರಿ," ಎಂದ. ಮನೆಯ ಮುಂದಿನ ಕಲ್ಲಿನ ಕಟ್ಟೆಗೆ ನಾನು ಕೋಲು ಹಿಡಿದು ನೋಡಿದೆ. ಎರಡು ಬೆರಳು ಹೆಚ್ಚೇ ಇತ್ತು! ಅಕ್ಕ ಕಂಬಳಿ ಹಾಸಿದಳು. ಅದರ ಒಂದು ತುದಿಗೆ ನಾನು ಕಾಲು ಇಳಿಬಿಟ್ಟು ಕೂತೆ, ಇನ್ನೊಂದು ತುದಿಗೆ ಗಂಡಿನ ಸೋದರಮಾವ, ನಡುವೆ ತಟ್ಟೆ. ಉಳಿದವರೆಲ್ಲ ಕೆಳಗೆ ಅಂಗಳದಲ್ಲಿ, ಕಂಬಳಿಗಿಂತ ತಗ್ಗಿನಲ್ಲಿ, ಪದ್ಧತಿಯ ಪ್ರಕಾರವೇ ಕೂತರು. ನಾನು ಮೊದಲ ವೀಳ್ಯ ಎತ್ತಿ ಕೊಟ್ಟೆ.

ಗೆದ್ದೆ ಎಂದು ಬೀಗುತ್ತಾ ತಿರುಗಿದೆ. ಅಕ್ಕ ಕಟ್ಟೆಯ ಪಕ್ಕದಿಂದ ಬಾಗಿಲಿಗೆ ಹೋಗುತ್ತಿದ್ದಳು. ಗೋಡೆಗೆ ಒಂದು ಕೈ, ತೊಡೆಯ ಸಂದಿಗೆ ಇನ್ನೊಂದು ಕೈ. ಎಡಗಾಲನ್ನು ಎತ್ತದೆ, ಎಳೆದು ಮುಂದೆ ಇಡುತ್ತಿದ್ದಳು. ಹೊಸ್ತಿಲ ಹತ್ತಿರ ನಿಂತು, ಉಸಿರು ಹಿಡಿದು, ಬಲಗಾಲನ್ನು ಮೊದಲು ದಾಟಿಸಿ, ಎಡಗಾಲನ್ನು ಸೀರೆಯ ನೆರಿಗೆ ಹಿಡಿದು ಎತ್ತಿಕೊಂಡಳು. ಆ ಉಪಾಯ ನನಗೆ ಗೊತ್ತು. ಮೂರು ವರ್ಷ ನಾನು ಪಂಚೆ ಹಿಡಿದು ಹೊಸ್ತಿಲು ದಾಟಿದ್ದು ಹಾಗೆಯೇ. ಮುನ್ನೂರು ಕುರಿಗಳ ಮಂದೆಯಲ್ಲಿ ಕುಂಟುವ ಒಂದು ಕುರಿಯನ್ನು ದೂರದಿಂದಲೇ ಗುರುತಿಸಿ ಎಳೆದು ತರುತ್ತಿದ್ದವನು ನಾನು. ಒಡಹುಟ್ಟಿದವಳು ಎಷ್ಟು ವರ್ಷದಿಂದ ಕುಂಟುತ್ತಿದ್ದಳೋ ನನಗೆ ಕಂಡಿರಲಿಲ್ಲ.

ಊಟವಾದ ಮೇಲೆ ಒಳಗೆ ಹೋಗಿ ಕೇಳಿದೆ. "ಎಷ್ಟು ದಿನದಿಂದ ಅಕ್ಕ?"

"ಹತ್ತು ವರ್ಷ ಆಗಿರಬೇಕು. ಯಾಕೋ?"

"ಬರೆ ಹಾಕಿಸ್ಕಂಡಿಲ್ವಾ?"

"ನಿಂದೆಷ್ಟು? ಎರಡು. ನಂದು ಐದು ಅವೆ ಕಣೋ," ಎಂದು ನಕ್ಕಳು. "ನನಗೆ ಸ್ವಲ್ಪ ಗುಣ ಆಗಿತ್ತು, ಅದಕ್ಕೇ ನಿನ್ನ ಕರೆಸಿದ್ದು."

ನನಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷ ಈ ಮನೆಯಲ್ಲಿ ಬೀಸಿ, ರುಬ್ಬಿ, ಕೊಟ್ಟಿಗೆ ಬಳಿದು, ನೆಲಕ್ಕೆ ಕೂತು ಎದ್ದು, ಐದು ಸಲ ಸುಡಿಸಿಕೊಂಡಿದ್ದಾಳೆ. ಬೀರಪ್ಪನನ್ನು ಬೈಯಲು ಬಾಯಿ ತೆರೆದೆ. ಯಾವ ಬಾಯಿಂದ ಬೈಯುವುದು? ನಾನು ವರ್ಷಕ್ಕೆ ನಾಲ್ಕು ಸಲ ಇಲ್ಲಿಗೆ ಬಂದು, ಅವಳು ಇಟ್ಟ ಮುದ್ದೆ ಉಂಡು, ನನ್ನ ನೋವಿನ ಕತೆ ಹೇಳಿ ಹೋದವನು. ಆಪರೇಷನ್ ಆಗಿ ಬಂದ ಮೇಲೂ ನನ್ನ ಉಕ್ಕಿನ ಗುಂಡಿನ ವರ್ಣನೆಯನ್ನು ಅವಳು ನಿಂತುಕೊಂಡೇ ಕೇಳಿದ್ದಳು. ಯಾಕೆ ನಿಂತಿದ್ದಾಳೆ ಎಂದು ನಾನು ಯೋಚಿಸಲಿಲ್ಲ.

"ನೀನೂ ಮಾಡಿಸ್ಕಂಬೋದಿತ್ತಲ್ಲ ಅಕ್ಕ. ಬ್ಯಾಡ ಅಂತ ಯಾರು ಹೇಳಿದ್ರು?"

"ಬ್ಯಾಡ ಅಂತ ಯಾರೂ ಹೇಳ್ಲಿಲ್ಲಪ್ಪ," ಎಂದಳು ಅಕ್ಕ. "ಯಾರೂ ಕೇಳ್ಲೂ ಇಲ್ಲ."

ನಾನು ಕೋಲನ್ನು ಅವಳ ಕಾಲಿನ ಪಕ್ಕ ನಿಲ್ಲಿಸಿದೆ. ಅವಳ ಮಂಡಿ ನನ್ನದಕ್ಕಿಂತ ಮೂರು ಬೆರಳು ತಗ್ಗಿನಲ್ಲಿತ್ತು. ಎಲೆ ಅಡಿಕೆಯ ತಟ್ಟೆಯಲ್ಲಿದ್ದ ಚೂರಿ ತೆಗೆದುಕೊಂಡು ಅಲ್ಲಿಗೆ ಒಂದು ಗೀರು ಹಾಕಿದೆ. ಅವಳು, "ಲೇ, ಹುಚ್ಚ, ಈ ವಯಸ್ಸಿಗೆ ಯಾಕೋ ನನಗೆ?" ಎಂದಳು. ನಾನು ಆ ಮನೆಯಲ್ಲಿ, ಶುಭಕಾರ್ಯದ ದಿನ, ನಂಟರೆಲ್ಲ ಕೇಳುವ ಹಾಗೆ ಅವಳ ಮೇಲೆ ಕೂಗಾಡಿದೆ. ಅದನ್ನು ಜನ ಇವತ್ತಿಗೂ ಆಡಿಕೊಳ್ಳುತ್ತಾರೆ.

ಅವಳು ಸುಲಭಕ್ಕೆ ಒಪ್ಪಲಿಲ್ಲ. ರತ್ನಳ ಮದುವೆ ಆಗಲಿ ಎಂದಳು. ಉಣ್ಣೆ ಕತ್ತರಿಸುವುದು ಮುಗಿಯಲಿ ಎಂದಳು. ಬಾಣಂತನ ಆಗಲಿ ಎಂದಳು. ಎರಡು ವರ್ಷ ನಾನು ಆದಿವಾಲಕ್ಕೆ ಹೋಗಿ ಜಗಳವಾಡಿ ಬಂದೆ. "ಅವ್ವಗೆ ಯಾಕೆ ಮಾವ?" ಎಂದ ಬೀರಪ್ಪನ ಜೊತೆ ಎರಡು ತಿಂಗಳು ಮಾತು ಬಿಟ್ಟೆ. ಕಳೆದ ತಿಂಗಳು ಅವನೇ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ. ಬರುವ ವಾರ ಸೇರಿಸಿಕೊಳ್ಳುತ್ತಾರೆ. ಡಾಕ್ಟರು ಅವಳಿಗೂ ಚಿತ್ರ ಬರೆದು ತೋರಿಸಿದರಂತೆ. ಅವಳು "ತಿಳೀಲಿಲ್ಲ, ಇನ್ನೊಂದು ಸಲ ಹೇಳ್ರಿ" ಎಂದು ಮೂರು ಸಲ ಹೇಳಿಸಿದಳಂತೆ.

ನಾಳೆ ಅಕ್ಕನ ಕುರ್ಚಿಯ ಅಳತೆಗೆ ಆಚಾರಿ ಬರುತ್ತಾನೆ. ಅವನ ಹತ್ತಿರ ಅಳತೆಪಟ್ಟಿ ಇರುತ್ತದೆ, ಈ ಕೋಲು ಯಾಕೆ ಎಂಬುದು ಗಂಗಮ್ಮನ ವಾದ. ಗೀರು ಇರುವುದು ಕೋಲಿನ ಮೇಲೆ, ಪಟ್ಟಿಯ ಮೇಲಲ್ಲ ಎಂದು ನಾನು ಅದನ್ನು ನನ್ನ ತಲೆದೆಸೆಯಲ್ಲಿ ಇಟ್ಟುಕೊಂಡಿದ್ದೇನೆ. ಈ ಸಲ ಕೆತ್ತನೆ ಗಿತ್ತನೆ ಏನೂ ಬೇಡ, ಮರ್ಯಾದೆಯಾಗಿ ಒಂದು ಸಾದಾ ಕುರ್ಚಿ ಮಾಡು ಎಂದು ಅವನಿಗೆ ಹೇಳುವವನಿದ್ದೆ. ಅಷ್ಟರಲ್ಲಿ ಆದಿವಾಲದಿಂದ ಬಂದವರ ಕೈಯಲ್ಲಿ ಅಕ್ಕ ಹೇಳಿ ಕಳಿಸಿದ್ದಾಳೆ: "ನನ್ನ ಕುರ್ಚಿಗೂ ನವಿಲು ಇರ್ಲಿ ಅಂತ ಹೇಳು ತಮ್ಮಗೆ. ಇಷ್ಟು ವರ್ಷ ತಡ ಮಾಡಿದ್ದಕ್ಕೆ ಎರಡು ಇರ್ಲಿ."